ಸೊಟ್ಟ ಬಾಲ

ನಾಚಪ್ಪ ಮೇಜಿನ ಮೇಲೆ ಡಬ್ಬಿ ಮಗುಚಿದಾಗ
ಬಿಡಿಬಿಡಿಯಾಗಿ ಬೀಳಲಿಲ್ಲ, ಬಿದ್ದದ್ದು ಒಂದೇ ಮುದ್ದೆ.
ಮೂರು ಬೇಸಿಗೆ ಜೀಪಿನ ಗಾಜಿನಡಿ ಬೆಂದು
ರಬ್ಬರಿನಂಥ ಕಪ್ಪೆ, ಎರೆಹುಳ, ಬೆರಳುದ್ದದ ಮೀನುಮರಿ
ಒಂದನ್ನೊಂದು ತಬ್ಬಿಕೊಂಡಿದ್ದವು,
ಮರುದಿನದ ಪಾತ್ರೆಯ ತಳದಲ್ಲಿ ಶ್ಯಾವಿಗೆ ಪಾಯಸ ತಬ್ಬಿಕೊಂಡಂತೆ.
"ಹಲ್ಲು ಮಾಡುವ ಕೈ ನಿಮ್ಮದು ಜೆಸಿಂತಕ್ಕ,
ಇದೇನು ಮಹಾ!"

ಗೋಣಿಕೊಪ್ಪದಲ್ಲಿ ಇಪ್ಪತ್ತಾರು ವರ್ಷ
ಬಾಯಿ ಕಟ್ಟಿಕೊಟ್ಟವಳು ನಾನು.
ಮೇಣ, ಪ್ಲಾಸ್ಟರು, ಗುಲಾಬಿ ಒಸಡು,
ಸ್ಪಿರಿಟ್ ದೀಪದ ನೀಲಿ ನಾಲಗೆ.
ಹಲ್ಲು ಕಚ್ಚಿ ಹರಿದದ್ದನ್ನು ಕೂಡಿಸುವುದು
ಇದೇ ಮೊದಲು.

ಉಗುರುಬೆಚ್ಚನೆ ನೀರು, ಒಂದು ತೊಟ್ಟು ಸೋಪು.
ಎಳೆದರೆ ಹರಿಯುತ್ತದೆ, ಬಿಟ್ಟರೆ ಅಂಟುತ್ತದೆ.
ಬಿಳಿ ಮೀನುಮರಿಗೆ ಕೆಂಪು ಹುಳದ ಬಣ್ಣ ಹತ್ತಿತ್ತು.
ತೊಳೆದೆ, ತಿಕ್ಕಿದೆ, ಹೋಗಲಿಲ್ಲ.
ಬಳಿದ ಬಣ್ಣವಲ್ಲ ಅದು, ಮೈಯೊಳಗೆ ನಡೆದು ಬಂದದ್ದು.
ಡಬ್ಬಿಯ ಮೂಲೆಯೂ ಕರಗಿ
ಹುಳದ ಅಚ್ಚು ಹೊತ್ತು ಕೂತಿತ್ತು:
ಮೆತ್ತನೆಯದು ಗಟ್ಟಿಯದನ್ನು ತಿಂದಿತ್ತು,
ಹಲ್ಲೇ ಇಲ್ಲದೆ.

ಕಪ್ಪೆಯ ಹೊಟ್ಟೆಯಲ್ಲಿ ಸಾಲು ಸಾಲು ತೂತು,
ಪಾಲಿಬೆಟ್ಟದ ಯಾವುದೋ ತೋಟದ ಕೆರೆಯ
ಕುಚ್ಚುಮೀನಿನ ರುಜು.
ಆ ಮೀನನ್ನು ನಾನು ನೋಡಿಲ್ಲ.
ಆದರೂ ಅದರ ದವಡೆಯ ಅಗಲ ಹೇಳಬಲ್ಲೆ,
ಎಡಗಡೆ ಒಂದು ಹಲ್ಲು ಕಮ್ಮಿ ಎಂಬುದನ್ನೂ.

ಮೇಣದ ಚಾಕುವಿನ ತುದಿ ಕಾಯಿಸಿ
ಹರಕಿನ ಎರಡು ತುಟಿಗಳ ನಡುವೆ ಎಳೆದೆ.
ಕರಗಿದ ಕೂಡಲೆ ಒತ್ತಿ ಹಿಡಿದು, ಇಪ್ಪತ್ತು ಎಣಿಸಿ, ತಣ್ಣೀರು.
ಹೊಗೆ ಒಳ್ಳೆಯದಲ್ಲವೆಂದು ಕಿಟಕಿ ತೆರೆದೆ.
ಪೊನ್ನಂಪೇಟೆ ಬಸ್ಸಿನ ಕಂಡಕ್ಟರನ ಕೂಗು ಒಳಗೆ ಬಂತು,
ಹುಳಗಳ ಸೋಂಪಿನ ವಾಸನೆ ಹೊರಗೆ ಹೋಯಿತು.
ಹುಳಕ್ಕೆ ಸೋಂಪಿನೆಣ್ಣೆ ಯಾಕೋ ನಾಚಪ್ಪ,
ಮೀನುಗಳು ಊಟ ಮುಗಿಸಿ ಬರುತ್ತವೆಯೆ?

ಇನ್ನು ಮಡಚಿಕೊಂಡ ಬಾಲಗಳು.
ಕುದಿಯುವ ನೀರು ಬೇಡ, ಕುದಿ ಇಳಿದ ನೀರು ಸಾಕು.
ಅದ್ದಿ ಹಿಡಿದರೆ ಹತ್ತು ಎಣಿಸುವುದರೊಳಗೆ
ಡಬ್ಬಿಯಲ್ಲಿ ಕಲಿತದ್ದನ್ನೆಲ್ಲ ಮರೆತು
ಹುಟ್ಟಿದ ದಿನದ ಹಾಗೆ ಚಾಚಿಕೊಳ್ಳುತ್ತವೆ.
ಒಂದೊಂದು ಬಣ್ಣಕ್ಕೆ ಒಂದೊಂದು ಕವರು, ಒಂದೊಂದು ಚೀಟಿ.
ಹಲ್ಲಿನ ಸೆಟ್ಟುಗಳ ಡ್ರಾಯರಿನಲ್ಲಿ,
ಬಿಸಿಲು ತಾಗದ ಕಡೆ, ಸಾಲಾಗಿ ಮಲಗಿಸಿದೆ.
ಒಂದು ಕ್ಷಣ ಜಂಬ ಬಂದದ್ದು ನಿಜ.

ವಾರ ಕಳೆದು ಬಂದವನ ಮುಖ ಉದ್ದ.
"ಅದೊಂದು ಹಸಿರು ಹುಳ ಇತ್ತಲ್ಲ ಅಕ್ಕ, ಬಾಲ ಸೊಟ್ಟ?"
"ಈಗ ಎಲ್ಲವೂ ನೆಟ್ಟಗಿವೆ."
"ಅದೇ. ಮೀನು ಬರುತ್ತಿದ್ದದ್ದು ಆ ಸೊಟ್ಟಕ್ಕೆ."
ನೀರಲ್ಲಿ ಎಳೆದಾಗ ಕುಂಟುತ್ತಿತ್ತಂತೆ,
ಏಟು ತಿಂದು ತಪ್ಪಿಸಿಕೊಂಡ ಜೀವದ ಹಾಗೆ.
ಈಗ ಶಾಲೆಗೆ ಹೊರಟವರಂತೆ ಹೋಗುತ್ತದಂತೆ,
ಯಾರೂ ತಿರುಗಿ ನೋಡುವುದಿಲ್ಲವಂತೆ.

ನಗಬಹುದಿತ್ತು.
ಆದರೆ ಚೋಂದಮ್ಮ ನೆನಪಾದರು.
ಹೊಸ ಸೆಟ್ಟು ಹಾಕಿ, ಕನ್ನಡಿ ನೋಡಿ,
ಕಳಚಿ ಇದೇ ಮೇಜಿನ ಮೇಲಿಟ್ಟಿದ್ದರು.
"ಚಂದ ಉಂಟು. ಆದರೆ ಯಾರ ಬಾಯಿ ಇದು?
ನನ್ನ ಮುಂದಿನ ಹಲ್ಲು
ಪಕ್ಕದ್ದರ ಹೆಗಲೇರಿ ಕೂತಿತ್ತು."
ಏರಿಸಿ ಕೊಟ್ಟೆ, ಸೊಟ್ಟಗೆ, ಅಳತೆ ಹಿಡಿದು.
ನೆಟ್ಟಗೆ ಮಾಡಿದ್ದಕ್ಕಿಂತ ಎರಡು ದಿನ ಹೆಚ್ಚು ಹಿಡಿಯಿತು.

ಮತ್ತೆ ನೀರು ಕಾಯಿಸಿದೆ.
"ಯಾವ ಕಡೆಗೆ ಸೊಟ್ಟ?"
ನಾಚಪ್ಪ ಕಣ್ಣು ಮುಚ್ಚಿ
ಇಲ್ಲದ ಕೋಲು ಬೀಸಿದ, ಇಲ್ಲದ ರೀಲು ಸುತ್ತಿದ,
ಮಣಿಕಟ್ಟು ಎರಡು ಸಲ ಜಗ್ಗಿ ನಿಲ್ಲಿಸಿದ.
"ಎಡಕ್ಕೆ. ಇಲ್ಲ... ತುಸು ಕೆಳಕ್ಕೂ."

ಯಾರದೋ ಕೆಳದವಡೆಯ ಹಳೆ ಪ್ಲಾಸ್ಟರ್ ಅಚ್ಚಿಗೆ
ಆ ಬಾಲ ಒರಗಿಸಿ ದಾರ ಸುತ್ತಿದ್ದೇನೆ.
ಬೆಳಗಿನವರೆಗೆ ಹಾಗೇ ಇರಲಿ.
ಚೀಟಿಯಲ್ಲಿ ಬರೆದೆ:
ಹಸಿರು, ಒಂದು.
ನೆಟ್ಟಗೆ ಮಾಡಬಾರದು.